ಬೀದಿ ಝಗಝಗ, ಜಗಲಿ ಕತ್ತಲು

ಮೈಸೂರಿನ ಹಳೆ ಅಗ್ರಹಾರದಿಂದ ಓದುಗರೊಬ್ಬರು ಬರೆದಿದ್ದಾರೆ: 5 ಮೀಟರ್ ಅಗಲದ ಬೀದಿ, ಎರಡೂ ಬದಿ ಹೆಂಚಿನ ಮನೆಗಳು. ಹಳದಿ ಸೋಡಿಯಂ ದೀಪ ತೆಗೆದು 9 ಮೀಟರ್ ಕಂಬಕ್ಕೆ ಬಿಳಿ ಎಲ್‌ಇಡಿ ಹಾಕಿದ್ದಾರೆ. ಕಣ್ಣು ಕುಕ್ಕುತ್ತದೆ, ಆದರೂ ಜಗಲಿಯಲ್ಲಿ ಕೂತವರ ಮುಖ ಕಾಣುವುದಿಲ್ಲ. ಹೆಚ್ಚು ವಾಟ್ ಕೇಳೋಣವೇ?

ಬೇಡ, ಕಂಬ ತಗ್ಗಿಸಲು ಕೇಳಿ. ಅಷ್ಟು ಎತ್ತರದ ದೀಪದ ಬೆಳಕು ಹೆಂಚಿನ ಮೇಲೆ ಸುರಿದು, ಸೂರಿನ ನೆರಳು ಜಗಲಿಯ ಮೇಲೆ ಬೀಳುತ್ತದೆ. ಬೀದಿ ಬೆಳಗಿದಷ್ಟೂ ಕಣ್ಣಿಗೆ ಆ ನೆರಳು ಕಪ್ಪಾಗಿ ಕಾಣುತ್ತದೆ. ದೀಪ 4.5 ಮೀಟರ್ ಎತ್ತರದಲ್ಲಿದ್ದರೆ ಬೆಳಕು ಓರೆಯಾಗಿ ಎದುರು ಮನೆಯ ಸೂರಿನಡಿಗೆ ನುಗ್ಗುತ್ತದೆ. ಹಾಗಾಗಿ ಕಂಬಗಳನ್ನು ಎಡಕ್ಕೊಂದು ಬಲಕ್ಕೊಂದು ನೆಡಬೇಕು, ನಡುವೆ 18 ಮೀಟರ್.

ಲೆಕ್ಕ ನೋಡಿ. ಬೀದಿದೀಪಗಳ ಭಾರತೀಯ ಮಾನಕ ಐಎಸ್ 1944 ಪ್ರಕಾರ ಸಾಕಷ್ಟು ಓಡಾಟದ ಒಳರಸ್ತೆಗೆ ಸರಾಸರಿ 8 ಲಕ್ಸ್ (ಒಂದು ಚದರ ಮೀಟರಿಗೆ ಇಷ್ಟು ಲ್ಯೂಮೆನ್ ಬೆಳಕು), ಓಡಾಟ ಕಡಿಮೆಯಿದ್ದರೆ 4 ಸಾಕು. ಒಂದು ದೀಪದ ಪಾಲಿಗೆ 18 × 5, ಅಂದರೆ 90 ಚದರ ಮೀಟರ್. 2,500 ಲ್ಯೂಮೆನ್ (ದೀಪ ಸೂಸುವ ಒಟ್ಟು ಬೆಳಕಿನ ಅಳತೆ) ದೀಪದಲ್ಲಿ ನೆಲಕ್ಕೆ ತಲುಪುವುದು ಶೇ. 40 ಎಂದುಕೊಳ್ಳಿ, ದೂಳು, ಹಳತಾಗುವಿಕೆಗೆ ಐದರಲ್ಲೊಂದು ಪಾಲು ಕಳೆಯಿರಿ. ಉಳಿದ 800 ಲ್ಯೂಮೆನ್ ಸುಮಾರು 9 ಲಕ್ಸ್ ಕೊಡುತ್ತದೆ. ಇದಕ್ಕೆ 25 ವಾಟ್ ಎಲ್‌ಇಡಿ ಸಾಕು.

ಬೆಳಕಿನ ಬಣ್ಣ 2,700 ಕೆಲ್ವಿನ್ ಮೀರಬಾರದು (ಈ ಅಂಕಿ ಕಡಿಮೆಯಾದಷ್ಟೂ ಹಳದಿ, ಏರಿದಷ್ಟೂ ನೀಲಿಬಿಳಿ), ಸಿಆರ್‌ಐ, ಅಂದರೆ ಬಣ್ಣಗಳನ್ನು ನಿಜರೂಪದಲ್ಲಿ ತೋರುವ ಗುಣಕ್ಕೆ ನೂರರಲ್ಲಿ ಕೊಡುವ ಅಂಕ, 80ಕ್ಕಿಂತ ಕೆಳಗಿಳಿಯಬಾರದು. ಸೋಡಿಯಂ ದೀಪವನ್ನೇ ಮರಳಿ ಕೇಳಬೇಡಿ: ಅದರ ಸಿಆರ್‌ಐ 25ರ ಆಸುಪಾಸು, ಅದರಡಿ ಕೆಮ್ಮಣ್ಣಿನ ಕೆಂಪೂ ಬಾಗಿಲಿನ ಹಸಿರೂ ಒಂದೇ ಮಾಸಲು. 6,500 ಕೆಲ್ವಿನ್ ಬಿಳಿಗೆ ಹುಳ ಹೆಚ್ಚು ಮುತ್ತುತ್ತವೆ. ಹಿಂದೆಯೇ ಜೇಡ, ಹಲ್ಲಿ. ಆಮೇಲೆ ಕಲೆಯಾದ ಗೋಡೆ. ದೀಪದ ಗಾಜು ನೆಲಕ್ಕೆ ಸಮಾನಾಂತರವಾಗಿರಲಿ. ಮೇಲಕ್ಕೆ ವಾಲಿಸಿದರೆ ಮಹಡಿಯ ಕಿಟಕಿಯೊಳಗೆ ಬೆಳಕು ಹೊಡೆಯುತ್ತದೆ.

ಕಂಬಕ್ಕೆ ಜಾಗವಿಲ್ಲದೆ ಗೋಡೆಗೇ ದೀಪ ಕೂರಿಸುವುದಾದರೆ ಇಟ್ಟಿಗೆಯನ್ನಾಗಲಿ ಕಲ್ಲನ್ನಾಗಲಿ ಕೊರೆಯಲು ಬಿಡಬೇಡಿ, ಗಾರೆಯ ಸಂದಿನಲ್ಲಿ ಮಾತ್ರ ರಂಧ್ರ ಮಾಡಿಸಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಆಗಬೇಕು. ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಸುತ್ತಲಿನ ಗಾರೆ ಸೀಳುತ್ತದೆ, ಅಲ್ಲಿಂದ ಮಳೆನೀರು ಒಳಗಿಳಿಯುತ್ತದೆ. ಗೋಡೆಗೆ ಒತ್ತಿಕೊಂಡು ಬೆಳಕು ಹಾಯಿಸುವ ದೀಪವೂ ಬೇಡ, ಸುಣ್ಣದ ಗೋಡೆಯ ಪ್ರತಿ ತೇಪೆಯೂ ಎದ್ದು ಕಾಣುತ್ತದೆ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳ ಅಂದ ಹಬ್ಬ, ಭಾನುವಾರಗಳ ಅಂದ. ಜನ ಮಲಗುವ ಬೀದಿಗೆ ಅದು ಮಾದರಿಯಲ್ಲ.

ಟೆಂಡರಿಗೆ ಮೊದಲು ಎರಡೇ ಕಂಬ ನಿಲ್ಲಿಸಿ, ರಾತ್ರಿ ಎಂಟಕ್ಕೆ ಬೀದಿಯವರೆಲ್ಲ ಜಗಲಿಯಲ್ಲಿ ಕೂತು ನೋಡಿ. ಎದುರು ಜಗಲಿಯವರ ಮುಖದ ಗುರುತು ಸಿಕ್ಕರೆ ಅದೇ ಎತ್ತರ, ಅದೇ ಬಣ್ಣವನ್ನು ಅರ್ಜಿಯಲ್ಲಿ ಅಂಕಿಸಮೇತ ಬರೆದುಕೊಡಿ.

— ಸಂ.