ಏಳೇ ತಿಂಗಳಿಗೆ ಮಾತ್ರೆ ನಿಲ್ಲಿಸುವ ಆತುರವೇಕೆ?

ಸೂಜಿ ಚುಚ್ಚಿಕೊಂಡು ಮಾದಕ ವಸ್ತು ಸೇವಿಸುವವರ ಚಿಕಿತ್ಸೆಯ ಬಗ್ಗೆ ಒಂದು ಪ್ರಶ್ನೆ ತಿಂಗಳು ತಪ್ಪದೆ ಬರುತ್ತದೆ. ಹಿಂದೆ ಎರಡು ಸಲ ಚುಟುಕಾಗಿ ಉತ್ತರಿಸಿದ್ದೆ. ಅದು ಯಾರಿಗೂ ನಾಟಿದಂತೆ ಕಾಣುವುದಿಲ್ಲ. ಈ ಸಲ ಹೆಚ್ಚಿನ ಜಾಗ ಅದಕ್ಕೇ ಮೀಸಲು, ಉಳಿದವರು ಮನ್ನಿಸಬೇಕು.

ಪ್ರಶ್ನೆ: ನನ್ನ ಮಗನಿಗೆ 26 ವರ್ಷ. ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದವನು ಆಮೇಲೆ ಹೆರಾಯಿನ್ ಹಿಡಿದ. ಏಳು ತಿಂಗಳಿಂದ ಸರ್ಕಾರಿ ಆಸ್ಪತ್ರೆಯ ಓಎಸ್‌ಟಿ (ಹೆರಾಯಿನ್‌ನಂಥ ವಸ್ತುವಿನ ಬದಲಿಗೆ ನಿಗಾದಲ್ಲಿ ಔಷಧಿ ಕೊಡುವ) ಕೇಂದ್ರದಲ್ಲಿ ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ಕೆಲಸಕ್ಕೂ ಹೋಗುತ್ತಿದ್ದಾನೆ. ಆದರೆ ಇದೂ ಅಮಲಿನ ಮಾತ್ರೆಯೇ ಅಲ್ಲವೇ? ಇದನ್ನು ನಿಲ್ಲಿಸಿ 90 ದಿನ ಖಾಸಗಿ ಕೇಂದ್ರವೊಂದರಲ್ಲಿ ಇಟ್ಟರೆ ಪೂರ್ತಿ ಬಿಡುತ್ತಾನೆ ಎಂದು ನನ್ನ ಭಾವಮೈದುನ ಹೇಳುತ್ತಾರೆ. ಏನು ಮಾಡಲಿ?
(ಒಬ್ಬ ತಂದೆ, ಬೆಂಗಳೂರು)

ಉತ್ತರ: ನಿಲ್ಲಿಸಬೇಡಿ. ನಿಮ್ಮ ಭಾವಮೈದುನರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಅವರು ಸೂಚಿಸುತ್ತಿರುವುದು ನಿಮ್ಮ ಮಗನ ಪ್ರಾಣಕ್ಕೆ ಈಗಿರುವುದಕ್ಕಿಂತ ಹೆಚ್ಚು ಅಪಾಯ ತರುವ ದಾರಿ.

ಹೆರಾಯಿನ್ ಮಿದುಳಿನ ಗ್ರಾಹಿಗಳ (ಇಂಥ ವಸ್ತು ಬಂದು ಕಚ್ಚಿಕೊಳ್ಳುವ ತಾಣಗಳ) ಮೇಲೆ ಒಮ್ಮೆಲೇ ಎರಗುತ್ತದೆ, ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಆಮೇಲೆ ಮೈಕೈ ನೋವು, ಬೆವರು, ಭೇದಿ, ನಿದ್ದೆಗೇಡು. ಅದನ್ನು ತಪ್ಪಿಸಿಕೊಳ್ಳಲು ದಿನಕ್ಕೆ ಮೂರು ನಾಲ್ಕು ಸಲ ಚುಚ್ಚಿಕೊಳ್ಳಬೇಕು, ಅದಕ್ಕೆ ದುಡ್ಡು ಹೊಂದಿಸಬೇಕು, ಸಿಕ್ಕ ಸೂಜಿಯನ್ನೇ ಬಳಸಬೇಕು. ಬ್ಯುಪ್ರೆನಾರ್ಫಿನ್ ಅದೇ ಗ್ರಾಹಿಗಳನ್ನು ಬಿಗಿಯಾಗಿ ಹಿಡಿದು ಕೂರುತ್ತದೆಯಾದರೂ ಅವನ್ನು ಭಾಗಶಃ ಮಾತ್ರ ಪ್ರಚೋದಿಸುತ್ತದೆ. ಒಂದು ಹಂತದ ನಂತರ ಪ್ರಮಾಣ ಹೆಚ್ಚಿಸಿದರೂ ಪರಿಣಾಮ ಏರುವುದಿಲ್ಲ, ಮತ್ತು ಒಂದು ದಿನಕ್ಕೂ ಮೀರಿ ಕೆಲಸ ಮಾಡುತ್ತದೆ. ನಿಮ್ಮ ಮಗನ ದೇಹ ಆ ಮಾತ್ರೆಯನ್ನು ಅವಲಂಬಿಸಿದೆ, ನಿಜ. ಆದರೆ ಅವನ ದಿನ ಅದರ ಹಿಂದೆ ಓಡುತ್ತಿಲ್ಲ. ಕೆಲಸಕ್ಕೆ ಹೋಗುತ್ತಿದ್ದಾನೆಂದು ನೀವೇ ಬರೆದಿದ್ದೀರಿ, ಬರೆದ ಮರುವಾಕ್ಯದಲ್ಲೇ ಅದನ್ನು ಮರೆತಿದ್ದೀರಿ.

ಇಲ್ಲಿ ಹಲವು ವೈದ್ಯರು ಸಕ್ಕರೆ ಕಾಯಿಲೆ ಮತ್ತು ಇನ್ಸುಲಿನ್ನಿನ ಹೋಲಿಕೆ ಕೊಡುತ್ತಾರೆ. ನಾನು ಕೊಡುವುದಿಲ್ಲ. ಇನ್ಸುಲಿನ್ನನ್ನು ಯಾರೂ ಕದ್ದು ಮಾರುವುದಿಲ್ಲ. ಬ್ಯುಪ್ರೆನಾರ್ಫಿನ್ ಇಂಜೆಕ್ಷನ್ನನ್ನೇ ಚುಚ್ಚಿಕೊಂಡು ಹಾಳಾದವರು ನಮ್ಮ ದೇಶದಲ್ಲಿ ಸಾಕಷ್ಟು ಜನರಿದ್ದಾರೆ. ಓಎಸ್‌ಟಿ ಕೇಂದ್ರದ ಕಟ್ಟುಪಾಡು ಇರುವುದೇ ಅದಕ್ಕಾಗಿ. ಬೆಳಿಗ್ಗೆ ಒಮ್ಮೆ ಮಗನ ಜೊತೆ ಹೋಗಿ ನೋಡಿ: ನರ್ಸ್ ಮಾತ್ರೆಯನ್ನು ಅಲ್ಲೇ ಪುಡಿ ಮಾಡಿ ನಾಲಿಗೆಯ ಕೆಳಗೆ ಸುರಿಯುತ್ತಾರೆ, ಅದು ಕರಗುವವರೆಗೆ ಅವನು ಎಂಜಲು ನುಂಗದೆ ಬೆಂಚಿನ ಮೇಲೆ ಕೂತಿರುತ್ತಾನೆ, ಕೊನೆಗೆ ಬಾಯಿ ತೆರೆದು ತೋರಿಸಿ ಹೊರಡುತ್ತಾನೆ. ಅಮಲಿಗಾಗಿ ಬರುವವನು ಇಷ್ಟು ಬೇಸರದ ಶಿಸ್ತನ್ನು ಏಳು ತಿಂಗಳು ಸಹಿಸುವುದಿಲ್ಲ.

ಇನ್ನು 90 ದಿನಗಳ ವಿಷಯ. ಮಾದಕ ವಸ್ತು ಪೂರ್ತಿ ನಿಂತಾಗ ದೇಹ ಅದನ್ನು ತಾಳಿಕೊಳ್ಳುವ ಶಕ್ತಿಯನ್ನು ಕೆಲವೇ ವಾರಗಳಲ್ಲಿ ಕಳೆದುಕೊಳ್ಳುತ್ತದೆ, ಆದರೆ ಆಸೆ ಅಷ್ಟು ಬೇಗ ಹೋಗುವುದಿಲ್ಲ. ಲಂಡನ್ನಿನಲ್ಲಿ ಒಳರೋಗಿಗಳಾಗಿ ಚಿಕಿತ್ಸೆ ಪಡೆದ 137 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿದ ಅಧ್ಯಯನ 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದಿತು. ಓವರ್‌ಡೋಸ್‌ನಿಂದ ಸತ್ತ ಮೂವರೂ ಚಿಕಿತ್ಸೆಯನ್ನು ಕೊನೆಯವರೆಗೆ ಮುಗಿಸಿ ಹೊರಬಿದ್ದ 37 ಮಂದಿಯ ಪೈಕಿಯವರು, ಮತ್ತು ಮೂವರೂ ಸತ್ತದ್ದು ಮೊದಲ ನಾಲ್ಕು ತಿಂಗಳೊಳಗೆ. ಅರ್ಧಕ್ಕೇ ಬಿಟ್ಟುಹೋದವರಲ್ಲಿ ಹಾಗೆ ಸತ್ತವರು ಒಬ್ಬರೂ ಇಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಪ್ರಕಟವಾದ ಲೆಕ್ಕ ಇನ್ನೂ ಕಠೋರವಾಗಿದೆ: ಮೊದಲ ಎರಡು ವಾರಗಳಲ್ಲಿ ಓವರ್‌ಡೋಸ್ ಸಾವಿನ ಅಪಾಯ ಹೊರಗಿನ ಜನರಿಗಿಂತ 129 ಪಟ್ಟು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯಲ್ಲಿ, ಬ್ಯುಪ್ರೆನಾರ್ಫಿನ್ ಮೇಲಿದ್ದಾಗ ವರ್ಷಕ್ಕೆ ಸಾವಿರಕ್ಕೆ 4.3ರಷ್ಟಿದ್ದ ಸಾವು, ಅದನ್ನು ಬಿಟ್ಟ ಅವಧಿಯಲ್ಲಿ 9.5ಕ್ಕೆ ಏರಿತ್ತು.

ಅಂಕಿಗಳು ಬೇಡವೆನ್ನುವವರಿಗೆ ಒಂದು ಮಾತು. ನನ್ನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹುಡುಗನೊಬ್ಬನನ್ನು ಮನೆಯವರು ಹೀಗೆಯೇ ಬಿಡಿಸಿಕೊಂಡು ಹೋಗಿ ಒಂದು ಕೇಂದ್ರಕ್ಕೆ ಸೇರಿಸಿದರು. ಮೂರು ತಿಂಗಳು ಕಳೆದು ಮೈ ತುಂಬಿಕೊಂಡು ಬಂದ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿದರು, ನನಗೂ ಪ್ರಸಾದ ತಂದುಕೊಟ್ಟರು. ಹನ್ನೊಂದನೆಯ ದಿನ ಬಚ್ಚಲುಮನೆಯ ಬಾಗಿಲು ಒಡೆಯಬೇಕಾಯಿತು. ಅವನು ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟನ್ನೇ ತೆಗೆದುಕೊಂಡಿದ್ದ. ಕೈಗೆ ಹಳೆಯ ಅಳತೆ ನೆನಪಿತ್ತು, ದೇಹಕ್ಕೆ ಇರಲಿಲ್ಲ.

ಎಲ್ಲ ಕೇಂದ್ರಗಳೂ ಕೆಟ್ಟವಲ್ಲ. ಆದರೆ ಮನೋವೈದ್ಯರಿಲ್ಲದ, ಬೀಗ ಹಾಕಿಡುವ, ಮನೆಯವರನ್ನು ತಿಂಗಳುಗಟ್ಟಲೆ ಒಳಗೆ ಬಿಡದ ಕೇಂದ್ರವನ್ನು ಚಿಕಿತ್ಸಾಲಯವೆಂದು ಕರೆಯಲು ನಾನು ಸಿದ್ಧನಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವ್ಯಸನವನ್ನೂ ತನ್ನ ವ್ಯಾಪ್ತಿಗೆ ತಂದಿದೆ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಹಾಗಿದ್ದೂ ಕಾಲಿನ ಮೇಲೆ ಸರಪಳಿಯ ಗುರುತು ಹೊತ್ತು ಬರುವವರನ್ನು ನಾನು ಇಂದಿಗೂ ನೋಡುತ್ತೇನೆ.

ಮಾತ್ರೆ ಎಷ್ಟು ಕಾಲ ಬೇಕು ಎಂಬುದಕ್ಕೆ ಪಂಚಾಂಗವಿಲ್ಲ. ಎರಡು ವರ್ಷ ತುಂಬುವ ಮೊದಲು ಪ್ರಮಾಣ ಇಳಿಸುವ ಮಾತನ್ನು ನಾನಾಗಿ ಎತ್ತುವುದಿಲ್ಲ. ಇದು ಅತಿ ಎಚ್ಚರಿಕೆಯೆಂದು ಕೆಲವು ಸಹೋದ್ಯೋಗಿಗಳು ಗೇಲಿ ಮಾಡುತ್ತಾರೆ, ಮಾಡಲಿ. ಇಳಿಸಬೇಕೆಂದು ನಿಮ್ಮ ಮಗನಿಗೇ ಅನ್ನಿಸಿದಾಗ ಅವನೂ ವೈದ್ಯರೂ ಕೂಡಿ ತಿಂಗಳುಗಳ ಮೇಲೆ ನಿಧಾನವಾಗಿ ಇಳಿಸುತ್ತಾರೆ. ಅಲ್ಲಿಯವರೆಗೆ ನೀವು ನೋಡಿಕೊಳ್ಳಬೇಕಾದವು ಬೇರೆ: ಇದರ ಜೊತೆಗೆ ಮದ್ಯವನ್ನಾಗಲಿ ಆಲ್ಪ್ರಜೋಲಮ್‌ನಂಥ ನಿದ್ದೆಮಾತ್ರೆಯನ್ನಾಗಲಿ ಸೇರಿಸಿದರೆ ಉಸಿರಾಟವೇ ನಿಲ್ಲಬಹುದು. ಹಾಗೆಯೇ ರಕ್ತದಿಂದ ಹರಡಿ ಯಕೃತ್ತನ್ನು ಹಾಳುಮಾಡುವ ಹೆಪಟೈಟಿಸ್ ಸಿ ಸೋಂಕಿನ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಪ್ರಯೋಗಾಲಯದಲ್ಲಿ ಈ ವೈರಸ್ ಬಳಸಿದ ಸಿರಿಂಜಿನೊಳಗೆ 63 ದಿನಗಳವರೆಗೂ ಜೀವಂತವಾಗಿ ಉಳಿದದ್ದುಂಟು, ಸೂಜಿ ಬೇರೆಯಾದರೂ ಹಂಚಿಕೊಂಡ ನೀರು ಮತ್ತು ಹತ್ತಿಯಿಂದಲೂ ಅದು ಅಂಟುತ್ತದೆ. ಆದರೆ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ಪೂರ್ಣ ಗುಣವಾಗುತ್ತದೆ, 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಆ ಮಾತ್ರೆ ಉಚಿತ.

ಪ್ರಶ್ನೆ: ತೆರಿಗೆ ಹಣದಲ್ಲಿ ಹೊಸ ಸೂಜಿ ಹಂಚುವುದು ಚಟಕ್ಕೆ ಕುಮ್ಮಕ್ಕಲ್ಲವೇ? ಅಂಥ ಕೇಂದ್ರಗಳಿಗೆ ಹೋಗುವವರಲ್ಲೇ ಎಚ್‌ಐವಿ ಹೆಚ್ಚೆಂದು ಕೆನಡಾದ ಅಧ್ಯಯನವೇ ಹೇಳಿದೆಯಂತೆ.

ಉತ್ತರ: ಅದು 1997ರ ಮಾಂಟ್ರಿಯಲ್ ಅಧ್ಯಯನ. ಅಲ್ಲಿ ಔಷಧಿ ಅಂಗಡಿಯಲ್ಲೂ ಸೂಜಿ ಸಿಗುತ್ತಿತ್ತು. ಹಳೆಯ ಸೂಜಿ ಪಡೆದು ಹೊಸದು ಕೊಡುವ ವಿನಿಮಯ ಕೇಂದ್ರಕ್ಕೆ ಬರುತ್ತಿದ್ದವರು ಅತಿ ಹೆಚ್ಚು ಅಪಾಯದಲ್ಲಿದ್ದವರು. ತುರ್ತು ಚಿಕಿತ್ಸಾ ಘಟಕದಲ್ಲಿ ಹೆಚ್ಚು ಸಾವಾಗುತ್ತದೆಂದು ಆ ಘಟಕವನ್ನೇ ದೂರಿದಂತೆ ನಿಮ್ಮ ವಾದ. ತಮ್ಮ ಅಧ್ಯಯನವನ್ನು ತಿರುಚಿ ಬಳಸುತ್ತಿದ್ದಾರೆಂದು ಸಂಶೋಧಕಿಯೇ ಮರುವರ್ಷ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಸೂಜಿ ಸಿಗದಿದ್ದಾಗ ಏನಾಗುತ್ತದೆಂಬುದಕ್ಕೆ ನಾವು ಕೆನಡಾದವರೆಗೆ ಹೋಗಬೇಕಿಲ್ಲ. ಮಣಿಪುರದಲ್ಲಿ 1989ರ ಸೆಪ್ಟೆಂಬರಿನವರೆಗೆ ಚುಚ್ಚಿಕೊಳ್ಳುವವರ ರಕ್ತಪರೀಕ್ಷೆಗಳಲ್ಲಿ ಎಚ್‌ಐವಿ ಕಂಡಿರಲಿಲ್ಲ. ಒಂದು ವರ್ಷ ತುಂಬುವುದರೊಳಗೆ ಅವರಲ್ಲಿ ಅರ್ಧದಷ್ಟು ಮಂದಿಗೆ ತಗುಲಿತ್ತು. ಅಲ್ಲಿಂದ ಅದು ಹೆಂಡತಿಯರಿಗೆ, ಕೂಸುಗಳಿಗೆ ಹೋಯಿತು. ಆ ಪೆಟ್ಟು ತಿಂದ ರಾಜ್ಯ 1996ರಲ್ಲೇ ಹೊಸ ಸೂಜಿ ಹಂಚುವಂಥ ಹಾನಿ ತಗ್ಗಿಸುವ ಕ್ರಮಗಳನ್ನು ತನ್ನ ಏಡ್ಸ್ ನೀತಿಯಲ್ಲಿ ಸೇರಿಸಿತು. ದೇಶದ ವಯಸ್ಕರಲ್ಲಿ ಎಚ್‌ಐವಿ ಶೇಕಡಾ 0.2ರ ಆಸುಪಾಸಿನಲ್ಲಿದ್ದರೆ, 2021ರ ಸಮೀಕ್ಷೆಯಲ್ಲಿ ಚುಚ್ಚಿಕೊಳ್ಳುವವರಲ್ಲಿ ಅದು ಶೇಕಡಾ 9.03. ಮತ್ತೆ, ಮಾರ್ಗಸೂಚಿಯಂತೆ ಸೂಜಿ ಕೊಡುವ ಕಾರ್ಯಕರ್ತರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, 2017ರ ಎಚ್‌ಐವಿ ಕಾಯ್ದೆಯ 22ನೇ ಕಲಂ ಅವರಿಗೆ ರಕ್ಷಣೆ ಕೊಟ್ಟಿದೆ. ನಿಮ್ಮ ಬಡಾವಣೆಯ ಸಂಘಕ್ಕೂ ಇದನ್ನು ತಿಳಿಸಿ.

ಪ್ರಶ್ನೆ: ಪೋರ್ಚುಗಲ್‌ನಂತೆ ನಾವೂ ಡ್ರಗ್ಸ್‌ ಮಾರಾಟವನ್ನು ಕಾನೂನುಬದ್ಧ ಮಾಡಬಾರದೇಕೆ?

ಉತ್ತರ: ಪೋರ್ಚುಗಲ್ ಹಾಗೆ ಮಾಡಿಲ್ಲ. 2001ರಿಂದ ಅಲ್ಲಿ ಹತ್ತು ದಿನಗಳ ಸ್ವಂತ ಬಳಕೆಯಷ್ಟನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ, ಆಡಳಿತಾತ್ಮಕ ಉಲ್ಲಂಘನೆ. ಮಾರಿದವನು ಈಗಲೂ ಜೈಲಿಗೇ ಹೋಗುತ್ತಾನೆ.

ಪ್ರಶ್ನೆ: ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿದರೆ ಹತ್ತೇ ದಿನದಲ್ಲಿ ಚಟ ಬಿಡಿಸುವ ಪುಡಿಯ ಜಾಹೀರಾತು ಬಸ್ಸಿನಲ್ಲಿ ನೋಡಿದೆ. ತರಿಸಲೇ?

ಉತ್ತರ: ಬೇಡವೇ ಬೇಡ. ಪುಡಿಯಲ್ಲಿ ಏನಿದೆಯೆಂದು ಮಾರುವವನೂ ಹೇಳುವುದಿಲ್ಲ. ಹೆರಾಯಿನ್ನಿನ ಪರಿಣಾಮವನ್ನು ತಡೆಯುವ ನಾಲ್ಟ್ರೆಕ್ಸೋನ್ ಎಂಬ ಔಷಧಿ ಬೆರೆಸಿದ್ದರೆ ಹೆರಾಯಿನ್ ಬಳಸುವವನು ಅರ್ಧ ಗಂಟೆಯಲ್ಲಿ ನರಳಿ ಹೊರಳಾಡುತ್ತಾನೆ, ಮತ್ತೆಂದೂ ನೀವು ಬಡಿಸಿದ್ದನ್ನು ಉಣ್ಣುವುದಿಲ್ಲ. 14446ಕ್ಕೆ ಕರೆ ಮಾಡಿ, ಅದು ಸರ್ಕಾರದ ಉಚಿತ ಸಹಾಯವಾಣಿ.

ಪ್ರಶ್ನೆ: ಪಾರ್ಕಿನಲ್ಲಿ ಬಿದ್ದಿದ್ದ ಸೂಜಿ ಮಗುವಿನ ಕಾಲಿಗೆ ಚುಚ್ಚಿದೆ. ಸುಣ್ಣ ಹಚ್ಚಿದ್ದೇವೆ. ಸಾಕೇ?

ಉತ್ತರ: ಸಾಲದು. ಸುಣ್ಣ ತೊಳೆದು ಸೋಪು ಹಾಕಿ ಹರಿಯುವ ನೀರಿನಲ್ಲಿ ಗಾಯ ತೊಳೆಯಿರಿ, ಹಿಂಡಬೇಡಿ. ಸೋಂಕು ತಗಲುವ ಸಂಭವ ಬಹಳ ಕಡಿಮೆ. ಆದರೂ ಎಚ್‌ಐವಿ ತಡೆಯುವ ಮಾತ್ರೆ ಬೇಕೇ ಎಂದು ವೈದ್ಯರು ತೀರ್ಮಾನಿಸಬೇಕಿರುವುದು 72 ಗಂಟೆಯೊಳಗೆ, ಜೊತೆಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆಯನ್ನೂ ನೋಡಬೇಕು. ನಿಮ್ಮ ಪತ್ರ ನನ್ನ ಕೈಸೇರುವಾಗಲೇ ನಾಲ್ಕು ದಿನವಾಗಿತ್ತು. ಇಂಥದ್ದನ್ನು ಪತ್ರಿಕೆಗೆ ಬರೆದು ಕೇಳಬೇಡಿ.