ಮನೆಯಲ್ಲಿ ಕೂದಲಿಗೆ ರೋಲರ್ ಸುತ್ತಿದರೆ ಸಡಿಲವಾಗಿ ಜಾರುತ್ತದೆ. ಬಿಗಿಯಾಗಿ ನಿಲ್ಲಿಸುವುದು ಹೇಗೆ?

ತಪ್ಪು ರೋಲರ್ ಹಿಡಿದಿಡುವ ಕ್ಲಿಪ್ಪಿನದಲ್ಲ, ಒಂದೇ ರೋಲರ್‌ಗೆ ಹೆಚ್ಚು ಕೂದಲು ತುಂಬುವುದೇ ಸಾಮಾನ್ಯ ಕಾರಣ. ರೋಲರ್‌ನ ಉದ್ದಕ್ಕಿಂತ ಅಗಲವಾದ ಪಾಲು ತೆಗೆಯಬೇಡಿ. ಎಣ್ಣೆ ಹಚ್ಚಿದ ತಲೆಗಂತೂ ಈ ಕೆಲಸ ಬೇಡವೇ ಬೇಡ.

ತೊಳೆದ ಕೂದಲು ಮುಕ್ಕಾಲು ಪಾಲು ಒಣಗಿರಲಿ. ಬಾಚಿ, ಮೇಲಕ್ಕೆತ್ತಿ ಹಿಡಿದು, ತುದಿಯನ್ನು ರೋಲರ್ ಮೇಲೆ ಚಪ್ಪಟೆಯಾಗಿ ಹರಡಿ ಬುಡದವರೆಗೆ ಸುತ್ತಿ. ತುದಿ ಮಡಚಿಕೊಂಡರೆ ಬಿಚ್ಚಿದಾಗ ಕೊಕ್ಕೆಯಂತೆ ಸೊಟ್ಟಗೆ ನಿಲ್ಲುತ್ತದೆ. ಕ್ಲಿಪ್ಪನ್ನು ಸುರುಳಿಯ ನೆತ್ತಿಯ ಮೇಲೆ ಹಾಕಿದರೆ ಗೆರೆ ಬೀಳುತ್ತದೆ. ಬುಡದಲ್ಲಿ, ರೋಲರ್‌ನ ಜಾಲರಿಯನ್ನೂ ಅಲ್ಲಿನ ಕೂದಲನ್ನೂ ಒಟ್ಟಿಗೆ ಕಚ್ಚುವಂತೆ ಅಡ್ಡಲಾಗಿ ತೂರಿಸಿ. ಚರ್ಮ ಎಳೆದು ನೋಯುತ್ತಿದ್ದರೆ ಬಿಗಿ ಅತಿಯಾಗಿದೆ.

ನೀರಿನಿಂದ ಸಡಿಲಗೊಂಡ ಹೈಡ್ರೋಜನ್ ಬಂಧಗಳು (ಕೂದಲಿನ ಆಕಾರ ಹಿಡಿದಿಡುವ ಒಳಗಿನ ಕೊಂಡಿಗಳು) ಒಣಗುವಾಗ ಹೊಸ ಆಕಾರದಲ್ಲಿ ಕೂಡಿಕೊಳ್ಳುತ್ತವೆ. ಆದ್ದರಿಂದ ಪೂರ್ತಿ ಒಣಗುವ ಮುನ್ನ ಬಿಚ್ಚಬೇಡಿ; ಡ್ರೈಯರ್ ಹಿಡಿದಿದ್ದರೆ ತಣ್ಣಗಾಗುವವರೆಗೂ ಕಾಯಿರಿ.