ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಕಾ?

ಪ್ರಶ್ನೆ: ನಾವು ಟಿವಿಯನ್ನು ರಿಮೋಟ್‌ನಲ್ಲೇ ಆಫ್ ಮಾಡುತ್ತೇವೆ. ಹಾಗೆ ಬಿಟ್ಟರೂ ಕರೆಂಟ್ ಹೋಗುತ್ತೆ, ಸ್ವಿಚ್ ಇರುವ ಸ್ಪೈಕ್ ಗಾರ್ಡ್ ತನ್ನಿ ಅಂತಾನೆ ಮಗ. ನಿಜಕ್ಕೂ ಉಳಿಯುತ್ತಾ? ಮೊಬೈಲ್ ಚಾರ್ಜರನ್ನೂ ಕಿತ್ತಿಡಬೇಕಾ?
– ಓದುಗರೊಬ್ಬರು, ಹಾಸನ

ಉತ್ತರ: ಮಗ ಹೇಳಿದ್ದು ಸರಿ. ಆದರೆ ನೀವು ನೋಡಬೇಕಾದ್ದು ಟಿವಿಗಿಂತ ಮೊದಲು ಅದರ ಪಕ್ಕದ ಸೆಟ್‌ಟಾಪ್ ಬಾಕ್ಸ್. ಈಚಿನ ಟಿವಿಗಳು ಸ್ಟ್ಯಾಂಡ್‌ಬೈನಲ್ಲಿ, ಅಂದರೆ ರಿಮೋಟ್‌ನಲ್ಲಿ ಮಾತ್ರ ಆರಿಸಿಟ್ಟಾಗ, ಸಾಮಾನ್ಯವಾಗಿ 1 ವ್ಯಾಟ್‌ಗಿಂತ ಕಡಿಮೆ ಎಳೆಯುತ್ತವೆ. ಸೆಟ್‌ಟಾಪ್ ಬಾಕ್ಸ್ ಹಾಗಲ್ಲ, ರಿಮೋಟ್ ಒತ್ತಿದಾಗ ಚಿತ್ರ ನಿಲ್ಲುತ್ತದೆ, ಕೆಂಪು ದೀಪ ಬರುತ್ತದೆ, ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಒಳಗಿನ ಕೆಲಸ ಹೆಚ್ಚುಕಡಿಮೆ ಹಾಗೇ ನಡೆಯುತ್ತಿರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಿ, ಬೆಚ್ಚಗಿದ್ದರೆ ರಾತ್ರಿಯೆಲ್ಲ ಕರೆಂಟ್ ತಿಂದಿದೆ ಅಂತಲೇ ಅರ್ಥ. 10 ವ್ಯಾಟ್ ಅಂತ ಇಟ್ಟುಕೊಳ್ಳಿ. ದಿನಕ್ಕೆ 20 ಗಂಟೆ ಸುಮ್ನೆ ಉರಿದರೆ ತಿಂಗಳಿಗೆ 6 ಯೂನಿಟ್.

ಆರು ಯೂನಿಟ್ ಏನು ಮಹಾ ಅನ್ನಬೇಡಿ. ಗೃಹಜ್ಯೋತಿಯಲ್ಲಿ ನಿಮಗೆ ಸಿಗುವ ಉಚಿತ ಯೂನಿಟ್‌ಗೆ ಒಂದು ಮಿತಿ ಇದೆ, ಅದನ್ನು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರಂತೂ ಪೂರ್ತಿ ಬಿಲ್. ಅಂಚಿನಲ್ಲಿರುವ ಮನೆಗೆ ಈ ಆರು ಯೂನಿಟ್ ದೊಡ್ಡದೇ.

ನಿಮ್ಮ ಮನೆಯ ಲೆಕ್ಕ ಬೇಕಾ? ಫ್ರಿಜ್, ಫ್ಯಾನ್, ಲೈಟ್ ಎಲ್ಲ ಸ್ವಲ್ಪ ಹೊತ್ತು ಆಫ್ ಮಾಡಿ, ರಿಮೋಟ್‌ನಲ್ಲಿ ಆರಿಸಿದ ಸಾಮಾನು ಮಾತ್ರ ಪ್ಲಗ್‌ನಲ್ಲಿರಲಿ. ಡಿಜಿಟಲ್ ಮೀಟರ್ ಮೇಲೆ ಒಂದು ಪುಟ್ಟ ದೀಪ ಮಿಣುಕುತ್ತದೆ, ಹತ್ತಿರದಲ್ಲೇ 3200 ಅಥವಾ 1600 ಅಂತ ಏನಾದರೂ ಬರೆದಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಆಯ್ತು ಅಂತ. 3200ರ ಮೀಟರ್ ನಿಮಿಷಕ್ಕೊಮ್ಮೆ ಮಿಣುಕಿದರೆ ಸುಮಾರು 19 ವ್ಯಾಟ್ ಹೋಗುತ್ತಿದೆ. ಯುಪಿಎಸ್ ಇದ್ದರೆ ಅದು ಎಳೆಯುವುದೂ ಇದರಲ್ಲೇ ಸೇರುತ್ತದೆ.

ಇನ್ನು ಸ್ಪೈಕ್ ಗಾರ್ಡ್. ನಮ್ಮಲ್ಲಿ ಗೋಡೆಯ ಪ್ಲಗ್ ಪಾಯಿಂಟ್‌ಗೇ ಸ್ವಿಚ್ ಇರುತ್ತದೆ ಅಲ್ವಾ? ಅದು ಕೈಗೆ ಸಿಗುವಂತಿದ್ದರೆ ಏನೂ ಕೊಳ್ಳಬೇಡಿ, ಅದನ್ನೇ ಆರಿಸಿ. ಟಿವಿ ಯೂನಿಟ್ ಹಿಂದೆ ಅಡಗಿದ್ದರೆ ಮಾತ್ರ ತನ್ನಿ. ಒಂದೊಂದು ಸಾಕೆಟ್‌ಗೂ ಬೇರೆ ಸ್ವಿಚ್ ಇರುವುದನ್ನೇ ಆರಿಸಿಕೊಳ್ಳಿ, ಯಾಕಂದ್ರೆ ಸೆಟ್‌ಟಾಪ್ ಬಾಕ್ಸ್ ಆರಬೇಕು, ವೈಫೈ ರೂಟರ್ ಉರಿಯಬೇಕು ಅನ್ನುವ ಮನೆಗಳೇ ಜಾಸ್ತಿ. ಐಎಸ್‌ಐ ಗುರುತು ನೋಡಿ. 6 ಆಂಪಿಯರ್‌ನದ್ದಾದರೆ ಎಲ್ಲ ಸೇರಿ ಸುಮಾರು 1,380 ವ್ಯಾಟ್ ಮಾತ್ರ ತಡೆಯುತ್ತದೆ, ಹಾಗಾಗಿ ಇಸ್ತ್ರಿ ಪೆಟ್ಟಿಗೆ, ರೂಮ್ ಹೀಟರ್, ಗೀಸರ್ ಇದಕ್ಕೆ ಹಾಕಲೇಬೇಡಿ, ವೈರ್ ಕಾದು ಬೆಂಕಿ ಹತ್ತಬಹುದು. ಕಾರ್ಯಕ್ರಮ ರೆಕಾರ್ಡಿಂಗ್‌ಗೆ ಇಟ್ಟ ದಿನ ಬಾಕ್ಸ್ ಆರಿಸಬೇಡಿ. ಒಎಲ್‌ಇಡಿ ಟಿವಿ ಆದರೆ ಟಿವಿಯ ಸ್ವಿಚ್ ಹಾಗೇ ಇರಲಿ, ಪರದೆ ಸರಿಪಡಿಸಿಕೊಳ್ಳುವ ಕೆಲಸವನ್ನು ಅದು ಸ್ಟ್ಯಾಂಡ್‌ಬೈನಲ್ಲೇ ಮಾಡುವುದು.

ಮೊಬೈಲ್ ಚಾರ್ಜರ್? ಒಳ್ಳೆಯ ಚಾರ್ಜರ್ ಖಾಲಿ ಕೂತಾಗ ಎಳೆಯುವುದು ತೀರಾ ಕಡಿಮೆ. ಉಳಿತಾಯಕ್ಕಾಗಿ ಅದರ ಹಿಂದೆ ಬೀಳಬೇಡಿ.

ಪ್ರಶ್ನೆ: ಕಂಪ್ಯೂಟರ್, ಇಂಕ್‌ಜೆಟ್ ಪ್ರಿಂಟರ್ ಎರಡನ್ನೂ ಒಂದೇ ಸ್ವಿಚ್‌ನಲ್ಲಿ ಆರಿಸಬಹುದಾ?
– ಓದುಗರೊಬ್ಬರು, ಶಿರಸಿ

ಉತ್ತರ: ಆರಿಸಬಹುದು, ಆದರೆ ನೇರವಾಗಿ ಬೇಡ. ಕಂಪ್ಯೂಟರನ್ನು ಮೊದಲು ಶಟ್‌ಡೌನ್ ಮಾಡಿ. ಪ್ರಿಂಟರನ್ನೂ ಅದರದೇ ಬಟನ್ ಒತ್ತಿ ಆರಿಸಿ, ಸದ್ದು ನಿಲ್ಲುವವರೆಗೆ ಕಾಯಿರಿ. ಆಗ ಇಂಕ್‌ನ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುತ್ತದೆ. ಸುಮ್ನೆ ಬೋರ್ಡ್ ಆರಿಸಿದರೆ ಅದು ತೆರೆದೇ ಉಳಿದು ಇಂಕ್ ಒಣಗುತ್ತದೆ, ಮುಂದಿನ ಸಲ ಕ್ಲೀನಿಂಗ್‌ಗೇ ಇಂಕ್ ಖರ್ಚಾಗುತ್ತದೆ. ಕರೆಂಟಿನಲ್ಲಿ ಉಳಿಸಿದ್ದಕ್ಕಿಂತ ಅದೇ ದುಬಾರಿ.